ನಡುದಾರದ ಊರಿನಿಂದ

ಮೋಡಕೂಟದ ಚಾವಡಿ, ಮೇಲ್ಮರವಂತೆ
ಹದಿಮೂರನೆಯ ತಿಂಗಳ ಆರನೆಯ ತಾರೀಕು, ನೀರು ಏರಿದ ತೊಂಬತ್ತನೆಯ ವರ್ಷ
(ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ನೂರ ಎಂಬತ್ತೊಂಬತ್ತು ಇರಬೇಕು)

ಹಿಂದಿನ ಕಾಲದ ಹವಾಮಾನದ ಹುಚ್ಚರೇ,

ತಾರೀಕು ನೋಡಿ ಈ ಹೆಂಗಸಿಗೆ ಮಂಡೆ ಸಮ ಇಲ್ಲ ಎಂದುಕೊಳ್ಳಬೇಡಿ. ನಮಗೆ ನಿಜವಾಗಿಯೂ ಹದಿಮೂರು ತಿಂಗಳು. ತೂಫಾನುಗಳು ನಿಮ್ಮ ಹನ್ನೆರಡು ತಿಂಗಳಲ್ಲಿ ಹಿಡಿಸದಷ್ಟು ಬರತೊಡಗಿದ ಮೇಲೆ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಇದೊಂದನ್ನು ಮಾಡಿಕೊಂಡರು. ಗಾಳಿತಿಂಗಳು ಎಂದು ಇದರ ಹೆಸರು. ಈ ತಿಂಗಳಲ್ಲಿ ಮದುವೆ ಇಲ್ಲ, ಶಾಲೆ ಇಲ್ಲ, ಯಾರೂ ಯಾರ ಮೇಲೂ ದೂರು ಕೊಡುವಂತಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತದ್ದು, ಕೇಳಿ ಕಲಿತದ್ದಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ, ನಗಬೇಡಿ. ಇವತ್ತು ನನಗೆ ನಗು ಕೇಳುವ ಶಕ್ತಿ ಇಲ್ಲ.

ನನ್ನ ಹೆಸರು ವಾರಿಜ ಕಾಂಚನ್. ಊರಿನ ಗಂಜಿಮನೆ ನಡೆಸುವುದು ನನ್ನ ಉದ್ಯೋಗ, ಮೋಡಕೂಟ ನನ್ನ ಚಟ. ಮೋಡಕೂಟವೆಂದರೆ ಮಳೆ ಗಾಳಿಯ ಹುಚ್ಚು ಹಿಡಿದ ಹನ್ನೆರಡು ಮಂದಿಯ ಸಂಘ. ಈ ಕಾಗದ ನಿಮಗೆ ಸಿಕ್ಕಿದ್ದರೆ ಅದು ಹಿಂದಂಚೆಯ ಪುಣ್ಯ. ನಮ್ಮ ಚಾವಡಿಯ ಮೂಲೆಯಲ್ಲಿ ಮೀನಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಯಂತ್ರವಿದೆ. ಅದಕ್ಕೆ ಕೊಟ್ಟ ಕಾಗದ ಹಿಂದಿನ ಕಾಲಕ್ಕೆ ಹೋಗಿ ಬೀಳುತ್ತದೆ ಎಂದು ಘಟ್ಟದ ಮೇಲಿನ ವಿದ್ವಾಂಸರು ಆಣೆ ಮಾಡಿ ಹೇಳಿದ್ದಾರೆ. ತೂಫಾನಿಗೆ ಒಂದರಂತೆ ನಾವು ಬರೆಯುತ್ತಲೇ ಬಂದಿದ್ದೇವೆ. ಒಂದಕ್ಕೂ ಉತ್ತರವಿಲ್ಲ. ನೀವು ಉತ್ತರ ಬರೆದಿದ್ದರೂ ಅದು ನಾನು ಹುಟ್ಟುವ ಮೊದಲೇ ಬಂದು ಯಾರದೋ ಒಲೆಗೆ ಹೋಗಿರಬೇಕು.

ನಿಮಗೇ ಯಾಕೆ ಬರೆಯುತ್ತೇನೆ ಎಂದರೆ, ನಿಮ್ಮ ಹರಟೆ ನಮ್ಮಲ್ಲಿ ಉಳಿದಿದೆ. ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿ ಕರಾವಳಿಯ ಹವಾಮಾನದ ಹುಚ್ಚರು ಫೋನಿನ ಗುಂಪುಗಳಲ್ಲಿ ಬರೆದುಕೊಂಡದ್ದನ್ನೆಲ್ಲ ಯಾರೋ ಪುಣ್ಯಾತ್ಮರು ಕೂಡಿಟ್ಟಿದ್ದರು. ಮೋಡಕೂಟಕ್ಕೆ ಸೇರುವವರು ಮೊದಲು ಅದನ್ನು ಓದಬೇಕು. ಓದುತ್ತಾ ನಾನು ಎಷ್ಟು ನಕ್ಕಿದ್ದೇನೆ! "ಈ ಸಲ ಗ್ಯಾರಂಟಿ ಮಾರಾಯ್ರೆ, ಮಾಡೆಲ್ ನೋಡಿ ಒಮ್ಮೆ" ಎಂದು ಒಬ್ಬ. "ನಿಂದು ಹೋದ ಸಲವೂ ಗ್ಯಾರಂಟಿಯೇ ಇತ್ತು, ಒಂದು ಹನಿ ಬಿದ್ದಿಲ್ಲ" ಎಂದು ಇನ್ನೊಬ್ಬ. ಅರಬ್ಬೀ ಸಮುದ್ರದಲ್ಲಿ ಎದ್ದ ಗಾಳಿ ಒಮಾನಿನ ಕಡೆಗೆ ತಿರುಗಿದರೆ ಗುಂಪಿಗೆಲ್ಲ ಸಪ್ಪೆ ಮುಖ: "ಛೇ, ಹೋಯ್ತು." ಅದು ಬರಲಿ ಎಂದೇ ನಿಮಗೆ ಆಸೆ ಇತ್ತು, ಒಪ್ಪಿಕೊಳ್ಳಿ. ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ, ನಾವೂ ಅದೇ ಜಾತಿ. ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿದರೆ ನನಗೆ ಊಟ ಬೇಡ, ನಿದ್ದೆ ಬೇಡ. ಇವತ್ತು ಅದೇ ಮುಳ್ಳು ನೋಡಲು ಹೆದರಿಕೆಯಾಗುತ್ತಿದೆ. ನನ್ನ ಮಗಳು ಮಿನ್ನು ತುಂಬಿದ ಬಸುರಿ. ಅವಳು ದಕ್ಷಿಣದಲ್ಲಿ, ಮೇಲ್ಮಲ್ಪೆಯಲ್ಲಿದ್ದಾಳೆ. ತೂಫಾನು ಹೋಗಬಹುದಾದ ಎರಡು ಊರುಗಳಲ್ಲಿ ಅದೂ ಒಂದು.

ನಮ್ಮ ಊರುಗಳ ಹೆಸರು ನಿಮಗೆ ಅರ್ಧ ಗೊತ್ತಿರುತ್ತದೆ. ಹಳೆಯ ಮರವಂತೆ, ಹಳೆಯ ಮಲ್ಪೆ, ಹಳೆಯ ಭಟ್ಕಳ ಎಲ್ಲವೂ ನೀರಿನ ಅಡಿಗೆ ಹೋದವು. ಜನ ಹೆಸರನ್ನು ಹೊತ್ತುಕೊಂಡು ಘಟ್ಟದ ಬುಡಕ್ಕೆ ಹತ್ತಿದರು, ಮುಂದೆ ಒಂದು 'ಮೇಲ್' ಸೇರಿಸಿಕೊಂಡರು. ಉತ್ತರಕ್ಕೆ ಮೇಲ್ಭಟ್ಕಳ, ದಕ್ಷಿಣಕ್ಕೆ ಮೇಲ್ಮಲ್ಪೆ, ನಡುವೆ ನಾವು. ನಮ್ಮ ಮನೆಗಳು ತಗಡಿನವು. ಗಾಳಿ ಬರುವ ಮೊದಲು ನಾವು ಮನೆಯ ಮೇಲಿನ ಮಾಡು ಬಿಚ್ಚಿ, ಚಾಪೆಯಂತೆ ಸುತ್ತಿ, ಬಾವಿಗೆ ಇಳಿಸುತ್ತೇವೆ. ಗೋಡೆ ಹೋದರೆ ಹೋಗಲಿ, ಮಾಡು ಉಳಿದರೆ ಸಂಸಾರ ಉಳಿಯಿತು ಎಂದು ಲೆಕ್ಕ. ನಮ್ಮ ತೆಂಗಿನ ಮರ ಸೊಂಟದೆತ್ತರ. ಎಳನೀರು ಬಗ್ಗಿ ಕೊಯ್ಯಬೇಕು. ನಿಮ್ಮ ಚಿತ್ರಗಳಲ್ಲಿ ಆಕಾಶಕ್ಕೆ ಮುಟ್ಟುವ ತೆಂಗು ನೋಡಿದಾಗ ನಮ್ಮ ಮಕ್ಕಳು ನಂಬುವುದಿಲ್ಲ, "ಗಾಳಿಗೆ ಬೀಳ್ಲಿಕ್ಕಿಲ್ವಾ ಅದು?" ಎಂದು ಕೇಳುತ್ತಾರೆ. ಮಕ್ಕಳ ಕೊರಳಲ್ಲಿ ಒಂದೊಂದು ಸೀಟಿ. ಪ್ರತಿ ಮನೆಗೂ ಅದರದೇ ರಾಗ. ಕತ್ತಲಲ್ಲಿ, ನೀರಿನಲ್ಲಿ, ಯಾವ ಮಗು ಯಾರ ಮನೆಯದು ಎಂದು ರಾಗದಿಂದಲೇ ಗೊತ್ತಾಗಬೇಕು. ಬಂಗುಡೆ ಮೀನಿನ ಸಾರಿನ ಬಗ್ಗೆ ನೀವು ಬರೆದದ್ದನ್ನು ಓದಿ ನನಗೆ ಬಾಯಲ್ಲಿ ನೀರು ಬಂದಿದೆ, ತಿಂದು ಗೊತ್ತಿಲ್ಲ. ನಮ್ಮದು ಗಂಜಿ ಮತ್ತು ಕಡಲಸೊಪ್ಪಿನ ಚಟ್ನಿ. ರುಚಿ ಇಲ್ಲ ಎಂದು ಹೇಳಿದರೆ ಗಂಜಿಮನೆಯವಳಿಗೆ ಸಿಟ್ಟು ಬರುತ್ತದೆ.

ಘಟ್ಟದ ಮೇಲಿನವರಿಗೆ ಕರಾವಳಿ ಎಂದರೆ ಎಂದೋ ಖಾಲಿ ಆಗಬೇಕಿದ್ದ ಜಾಗ. ಅವರು ವರ್ಷವಿಡೀ ಒಂದೇ ಮಾತು ಹೇಳುತ್ತಾರೆ, "ಕರಾವಳಿಗೆ ಎಚ್ಚರಿಕೆ." ಬಿಸಿಲಿದ್ದರೂ ಎಚ್ಚರಿಕೆ, ಮಳೆಯಿದ್ದರೂ ಎಚ್ಚರಿಕೆ. ಹಾಗಾಗಿ ಊರು ನಂಬುವುದು ಮೋಡಕೂಟದ ಹುಚ್ಚರನ್ನು. ನಮ್ಮಲ್ಲಿ ಇರುವುದು ಬುರುಡೆಗಳು ಮತ್ತು ಕಣಿಪೆಟ್ಟಿಗೆ. ಹಿಂದೆ ಬಲೆಗೆ ಸೋರೆಬುರುಡೆ ಕಟ್ಟಿ ತೇಲಿಸುತ್ತಿದ್ದರಂತೆ; ನಮ್ಮ ಬುರುಡೆಗಳು ಕಡಲಿನಲ್ಲಿ ಸಾಲಾಗಿ ತೇಲುತ್ತಾ ಅಲೆಯ ಎತ್ತರ, ಗಾಳಿಯ ಒತ್ತಡ ಹೇಳುತ್ತವೆ. ನೀವು ಮಾಡೆಲ್ ಎನ್ನುತ್ತಿದ್ದುದನ್ನು ನಾವು ಕಣಿ ಎನ್ನುತ್ತೇವೆ. ಪೆಟ್ಟಿಗೆ ಹತ್ತಾರು ಕಣಿ ಹೇಳುತ್ತದೆ, ಯಾವುದನ್ನು ನಂಬಬೇಕು ಎಂಬುದು ಅವರವರ ಬುದ್ಧಿ, ಅವರವರ ಹಟ. ತೂಫಾನುಗಳಿಗೆ ನಾವು ಊರಿನಲ್ಲಿ ಸತ್ತುಹೋದ ಜೋರುಬಾಯಿಯ ಹೆಂಗಸರ ಹೆಸರಿಡುತ್ತೇವೆ, ಮನೆಯವರ ಒಪ್ಪಿಗೆ ಪಡೆದು. ಈ ಸಲದ್ದು ಗುಲಾಬಿ. ಗುಲಾಬಿಯಮ್ಮ ಒಣಮೀನು ಮಾರುತ್ತಿದ್ದವರು, ಮೂರು ಓಣಿ ಆಚೆಯಿಂದ ಕರೆದರೂ ಮಲಗಿದವರು ಎದ್ದು ಕೂರುತ್ತಿದ್ದರು. ಹೆಸರಿಟ್ಟ ದಿನ ನಾವೆಲ್ಲ ಗಮ್ಮತ್ತಿನಲ್ಲಿ ನಕ್ಕೆವು. ಗುಲಾಬಿಯಮ್ಮನ ಮಗಳು ಮಾತ್ರ, "ಅಮ್ಮ ಯಾರ ಪ್ರಾಣವನ್ನೂ ತೆಗೆದವರಲ್ಲ, ನೆನಪಿರಲಿ" ಎಂದಳು.

ಈಗ ದಾರದ ವಿಷಯ ಹೇಳಬೇಕು. ತೂಫಾನು ದಡದ ಕಡೆ ಮುಖ ಮಾಡಿದ ಮೇಲೆ ಕೂಟದ ಹನ್ನೆರಡು ಮಂದಿಯೂ ಚಾವಡಿಯಲ್ಲಿ ಸೇರುತ್ತೇವೆ. ಗೋಡೆಯ ಮೇಲೆ ಕಡಲಿನ ದೊಡ್ಡ ನಕ್ಷೆ, ದಡದುದ್ದಕ್ಕೂ ಮೊಳೆಗಳು. ಪ್ರತಿಯೊಬ್ಬರೂ ತಮ್ಮ ಬಣ್ಣದ ದಾರವನ್ನು ತೂಫಾನು ಇರುವ ಜಾಗದಿಂದ ಎಳೆದು, ಅದು ಬಂದು ಅಪ್ಪಳಿಸುತ್ತದೆ ಎಂದು ತಾವು ನಂಬಿದ ಊರಿನ ಮೊಳೆಗೆ ಕಟ್ಟಬೇಕು. ಆಮೇಲೆ ಅಧ್ಯಕ್ಷರು ಎಲ್ಲ ದಾರಗಳ ನಡುವೆ ಅಳೆದು ಒಂದು ಬಿಳಿ ದಾರ ಕಟ್ಟುತ್ತಾರೆ. ಅದೇ ನಡುದಾರ. ಅದು ಯಾವ ಊರಿಗೆ ಬಿತ್ತೋ ಆ ಊರು ಖಾಲಿ. ಜನ ಅಕ್ಕಪಕ್ಕದ ಊರುಗಳಿಗೆ ನೆಂಟರಾಗಿ ಹೋಗುತ್ತಾರೆ. ಈ ಪದ್ಧತಿಗೆ ಕಾರಣ ಒಂದು ಜಗಳ. ನಮ್ಮ ಅಜ್ಜಂದಿರ ಕಾಲದಲ್ಲಿ ಕೂಟ ಕಟ್ಟಿದ ಇಬ್ಬರು ಗೆಳೆಯರು ತಮ್ಮ ತಮ್ಮ ದಾರಿಯೇ ಸರಿ ಎಂದು ಹಟ ಹಿಡಿದರು. ಊರು ಎರಡು ಪಕ್ಷವಾಯಿತು, ಅಣ್ಣತಮ್ಮಂದಿರು ಮಾತು ಬಿಟ್ಟರು, ಜಗಳ ಮುಗಿಯದೆ ಯಾರೂ ಮನೆ ಬಿಡಲಿಲ್ಲ, ಅಷ್ಟರಲ್ಲಿ ತೂಫಾನು ಬಂದೇ ಬಿಟ್ಟಿತು. ಉಳಿದವರು ಹೆಣಗಳನ್ನು ಸುಟ್ಟು, ಹೂತು ಬಂದು ನಿಶ್ಚಯಿಸಿದರು: ಇನ್ನು ಮುಂದೆ ಯಾರ ದಾರವೂ ಗೆಲ್ಲಬಾರದು, ನಡು ಗೆಲ್ಲಬೇಕು. ಪದ್ಧತಿ ನಮ್ಮನ್ನು ಕಾಪಾಡಿತು, ಸುಳ್ಳು ಹೇಳಬಾರದು. ಹನ್ನೆರಡು ದಾರಗಳು ಜಡೆಯಂತೆ ಒತ್ತಾಗಿ ಬಂದಾಗ ನಡುದಾರ ಅಂಗೈಯಗಲ ಕೂಡ ತಪ್ಪುತ್ತಿರಲಿಲ್ಲ.

ಈ ಸಲ ಜಡೆ ಎರಡಾಯಿತು. ಗುಲಾಬಿ ಅಗಲದ ತೂಫಾನಲ್ಲ, ಲಿಂಬೆಹಣ್ಣಿನ ಹಾಗೆ ಬಿಗಿ. ಬಡಿದ ಊರನ್ನು ಬೋಳಿಸುತ್ತದೆ, ಪಕ್ಕದೂರಿಗೆ ಬರೀ ಮಳೆ. ನಮ್ಮ ಊರಿನ ನೇರಕ್ಕೆ, ಕಡಲಿನ ಮೇಲೆ, ಭಾರದ ಗಾಳಿಯ ಒಂದು ಗುಡ್ಡೆ ಕೂತಿದೆ. ತೂಫಾನು ಅಂಥ ಗುಡ್ಡೆಯನ್ನು ಹತ್ತುವುದಿಲ್ಲ, ಎಡಕ್ಕೋ ಬಲಕ್ಕೋ ಬಳಸಿ ಹೋಗುತ್ತದೆ. ಉತ್ತರಕ್ಕೆ ಬಳಸುತ್ತದೆ ಎಂದು ಆರು ಮಂದಿ ಮೇಲ್ಭಟ್ಕಳದ ಮೊಳೆಗೆ ಕಟ್ಟಿದೆವು, ನಾನೂ ನಮ್ಮೂರ ಶಾಲೆಯ ಲಿಲ್ಲಿ ಟೀಚರೂ ಅದರಲ್ಲಿ ಇದ್ದೆವು. ದಕ್ಷಿಣಕ್ಕೆ ಎಂದು ಆರು ಮಂದಿ ಮೇಲ್ಮಲ್ಪೆಯ ಮೊಳೆಗೆ ಕಟ್ಟಿದರು, ಅವರಲ್ಲಿ ಅಧ್ಯಕ್ಷರು ಹಂಝಾಕ. ಅವರು ದೋಣಿ ಎಂಜಿನು ರಿಪೇರಿ ಮಾಡುತ್ತಿದ್ದ ಮುದುಕರು, ಮಾತು ಕಡಿಮೆ. ಅವರು ಪದ್ಧತಿಯಂತೆ ಅಳೆದು ಬಿಳಿ ದಾರ ಕಟ್ಟಿದರು. ಅದು ಸೀದಾ ಬಂದು ಬಿದ್ದದ್ದು ಮೇಲ್ಮರವಂತೆಗೆ, ನಮ್ಮ ಕಾಲಬುಡಕ್ಕೆ. ನಾನು ಎದ್ದು ನಿಂತು, "ಹಂಝಾಕ, ಈ ಮೊಳೆಗೆ ಒಬ್ರ ದಾರವೂ ಇಲ್ವಲ್ಲ. ಗುಡ್ಡೆ ಹತ್ತಿ ಬರ್ಲಿಕ್ಕೆ ಅದೇನು ಆಡಾ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಿನ್ನ ಮಾತು ನಂಗೆ ಅರ್ಥ ಆಗುದಿಲ್ಲ ಅಂತಲ್ಲ ಮಾರಾಯ್ತಿ. ಹಾಗಾದ್ರೆ ಯಾರ ದಾರ ಹಿಡಿಯುದು? ನಿಂದಾ, ನಂದಾ? ಶುರು ಮಾಡುವನಾ ಪುನಃ ಅದನ್ನು?" ಎಲ್ಲರ ಮನೆಯಲ್ಲೂ ಆ ಹಳೆಯ ಜಗಳದಲ್ಲಿ ಸತ್ತವರಿದ್ದಾರೆ. ನಾನು ಕೂತುಬಿಟ್ಟೆ.

ಹಾಗೆ, ಗುಲಾಬಿ ಬರಲಾರದ ಒಂದೇ ಊರನ್ನು ನಾವು ಖಾಲಿ ಮಾಡಿ, ಅವಳು ಬರಬಹುದಾದ ಎರಡು ಊರುಗಳಿಗೆ ಜನರನ್ನು ತುಂಬಿದೆವು. ಹುಚ್ಚರ ಬುದ್ಧಿಗೆ ಮಾತ್ರ ಹೊಳೆಯುವ ಕೆಲಸ ಇದು. ಆ ಎರಡು ಊರಿನವರಿಗೂ ನೀವು ನಿಶ್ಚಿಂತೆ ಎಂದು ಹೇಳಿಬಿಟ್ಟಿದ್ದೆವು; ಅವರು ಮಾಡು ಬಿಚ್ಚಲಿಲ್ಲ, ನೆಂಟರಿಗೆ ಅಡಿಗೆ ಮಾಡಲು ಕೂತರು. ಯಾರು ಯಾವ ಕಡೆ ಹೋಗಬೇಕು ಎಂಬುದಕ್ಕೆ ನಿಯಮವಿಲ್ಲ. ಜನ ತಾವು ನಂಬಿದವರ ದಾರ ಯಾವ ಕಡೆಗಿತ್ತೋ ಅದರ ಎದುರು ದಿಕ್ಕಿಗೆ ಹೊರಟರು. ನನ್ನ ದಾರ ಉತ್ತರಕ್ಕಿತ್ತು, ಮಿನ್ನು ದಕ್ಷಿಣಕ್ಕೆ ಹೋದಳು. ಅವಳ ಗಂಡ ಘಟ್ಟದ ಮೇಲೆ ಗಾಳಿಯಂತ್ರಗಳ ಕೆಲಸದಲ್ಲಿದ್ದಾನೆ, ಬರಲಾಗಲಿಲ್ಲ. ಲಿಲ್ಲಿ ಟೀಚರ್ ಜೊತೆಗಿದ್ದಾಳೆ ಎಂದು ನಾನು ಧೈರ್ಯ ಮಾಡಿದೆ. ಬಸ್ಸು ಹತ್ತುವಾಗ ಮಿನ್ನು, "ಅಮ್ಮ, ನಿನ್ನ ದಾರ ಉಂಟಲ್ಲ ನಂಗೆ, ನೀನೆಂತ ಮುಖ ಸಣ್ಣ ಮಾಡುದು?" ಎಂದು ನನ್ನ ಗಲ್ಲ ಹಿಂಡಿದಳು. ಹಂಝಾಕರ ದಾರ ದಕ್ಷಿಣಕ್ಕಿತ್ತು, ಅವರ ಹೆಂಡತಿ ಬೀಫಾತುಮ್ಮ, ಮೊಮ್ಮಕ್ಕಳು ಎಲ್ಲರೂ ಉತ್ತರಕ್ಕೆ ಹೋದರು. ಬುರುಡೆಗಳನ್ನು ನೋಡಿಕೊಳ್ಳಲು ಚಾವಡಿಯಲ್ಲಿ ನಾವಿಬ್ಬರೇ ಉಳಿದೆವು.

ಮಾಡಿಲ್ಲದ ಊರು ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಲಾರದು. ಮೇಲಿನಿಂದ ನೋಡಿದರೆ ಪ್ರತಿ ಮನೆಯ ಒಲೆ, ಕಪಾಟು, ದೇವರ ಮೂಲೆ ಎಲ್ಲ ಬೆತ್ತಲೆ. ಇವತ್ತು ಬೆಳಿಗ್ಗೆ ಏಡಿಗಳು ಮೆಟ್ಟಿಲು ಹತ್ತಿ ಬಂದವು. ಒಂದೆರಡಲ್ಲ, ಓಣಿ ತುಂಬ, ಟರಟರ ಸದ್ದು ಮಾಡುತ್ತಾ ನನ್ನ ಗಂಜಿಮನೆಯ ಒಳಗೆ ನುಗ್ಗಿ ಗೋಡೆಗೆ ಅಂಟಿಕೊಂಡವು. ನಾನು ಪೊರಕೆ ಹಿಡಿದು ನಿಂತು, ಗುಡಿಸಲಾಗದೆ ಅಳತೊಡಗಿದೆ. ಮುಳ್ಳಿನಲ್ಲಿ, ಕಣಿಯಲ್ಲಿ ನೋಡಿದಾಗ ಭಯವಾಗಿರಲಿಲ್ಲ. ಏಡಿಗಳು ಹೆದರಿ ಓಡಿ ಬಂದದ್ದು ನೋಡಿ ಭಯವಾಯಿತು, ಪೊರಕೆ ಅಲ್ಲೇ ಬಿಸಾಡಿದೆ.

ಚಾವಡಿಗೆ ಓಡಿದೆ. ಹಂಝಾಕ ನಮಾಜು ಮುಗಿಸಿ ಗೋಡೆಗೆ ಒರಗಿ ಕೂತಿದ್ದರು. ನಾನೂ ಮೂಲೆಯಲ್ಲಿ ಕೂತು ದೇವರನ್ನು ಕರೆದೆ. ಏನು ಬೇಡಿಕೊಳ್ಳುವುದು? ಮಿನ್ನು ದಕ್ಷಿಣದಲ್ಲಿದ್ದಾಳೆ, ಗುಲಾಬಿ ಉತ್ತರಕ್ಕೆ ಹೋಗಲಿ ಎಂದು ಬೇಡಬೇಕು. ಉತ್ತರದಲ್ಲಿ ಹಂಝಾಕರ ಮೊಮ್ಮಕ್ಕಳಿದ್ದಾರೆ. ಸಣ್ಣವಳು ಸಫಾ ನನ್ನ ಗಂಜಿಮನೆಯಲ್ಲಿ ಮೇಜಿನಡಿಗೆ ಕೂತು ಬೆಲ್ಲ ಕದ್ದು ತಿನ್ನುವವಳು. ಬೇಡಿಕೊಂಡೆ, ಆದರೂ ಬೇಡಿಕೊಂಡೆ. ಕಣ್ಣು ತೆರೆದರೆ ಹಂಝಾಕ ನನ್ನನ್ನೇ ನೋಡುತ್ತಿದ್ದರು. ಅವರೂ ಈಗಷ್ಟೇ ಅಲ್ಲಾಹನಲ್ಲಿ ಏನು ಕೇಳಿದ್ದಾರೆ ಎಂದು ಅವರ ಮುಖದಲ್ಲಿ ಬರೆದಿತ್ತು. ಇಬ್ಬರೂ ತಲೆ ತಗ್ಗಿಸಿದೆವು. ನಲವತ್ತು ವರ್ಷ ಒಟ್ಟಿಗೆ ಮೋಡ ನೋಡಿದವರು, ಒಬ್ಬರಿಗೊಬ್ಬರು ಮುಖ ತೋರಿಸಲಾಗದೆ ಕೂತೆವು. ಹೊರಗೆ ಗಾಳಿ ಇರಲಿಲ್ಲ. ಮಳೆಯೂ ಇರಲಿಲ್ಲ.

ಗಾಳಿ ಇಲ್ಲದ್ದೇ ನನ್ನನ್ನು ಎಬ್ಬಿಸಿದ್ದು. ಬುರುಡೆಗಳ ಮುಳ್ಳು ನೋಡಿದೆವು. ಗುಲಾಬಿ ನಿಂತುಬಿಟ್ಟಿದ್ದಳು. ಗುಡ್ಡೆಯ ಎದುರಿಗೆ ಬಂದು, ಯಾವ ಕಡೆ ಹೋಗಲಿ ಎಂದು ತಿಳಿಯದವಳಂತೆ, ಇದ್ದಲ್ಲೇ ಸುತ್ತುತ್ತಿದ್ದಳು. ತೂಫಾನು ಹೀಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾವ ಕಣಿಯೂ ಹೇಳಲಾರದು. ನಾನು ಹೇಳಿದೆ, "ಎಲ್ರನ್ನೂ ವಾಪಸ್ ಕರಿಯುವ. ಎರಡು ಕಡೆಯಿಂದ್ಲೂ. ಈಗ್ಲೇ." ಹಂಝಾಕ ಎದ್ದು ನಿಂತರು. "ದಾರಿಯಲ್ಲಿರುವಾಗ ಅದು ಹೊರಟ್ರೆ? ಮೇಲ್ಮಲ್ಪೆ ಕಡೆಯ ಹಾಲಾಡಿ ತಗ್ಗುಸೇತುವೆ ಮೇಲೆ ಬಸ್ಸು ಇರುವಾಗ ನೀರು ಬಂದ್ರೆ? ಅಲ್ಲಿ ಕೂತವರಾದ್ರೂ ಗೋಡೆ ಹಿಡ್ಕೊಂಡು ಬದುಕ್ಲಿಕ್ಕುಂಟು." "ಗುಲಾಬಿ ಎದುರು ಎಂಥ ಗೋಡೆ ಹಂಝಾಕ? ನೀವೇ ಹೇಳಿ, ಎಂಥ ಗೋಡೆ?" ನಾನು ಬೊಬ್ಬೆ ಹೊಡೆದೆ. ಜೀವಮಾನದಲ್ಲಿ ಅವರೆದುರು ಸ್ವರ ಎತ್ತಿದವಳಲ್ಲ. "ಬಿಳಿ ದಾರ ತೆಗೀಬೇಕಲ್ಲ ಹಾಗಾದ್ರೆ" ಎಂದರು ಅವರು. "ತೆಗೀರಿ." "ಇಷ್ಟು ವರ್ಷದಲ್ಲಿ ಯಾರೂ ತೆಗ್ದಿಲ್ಲ." "ಸಫಾ ಅಲ್ಲಿದ್ದಾಳೆ ಹಂಝಾಕ." ಅವರು ನಕ್ಷೆಯ ಹತ್ತಿರ ಹೋದರು, ಗಂಟು ಬಿಚ್ಚಲು ಬರಲಿಲ್ಲ, ಕೊನೆಗೆ ಹಲ್ಲಿನಲ್ಲಿ ಕಡಿದು ಕಿತ್ತರು.

ಉತ್ತರಕ್ಕೆ ಅವರು ರೇಡಿಯೊದಲ್ಲಿ ಮಾತಾಡಿದರು, ದಕ್ಷಿಣಕ್ಕೆ ನಾನು. ನಿಮ್ಮ ಊರಿನವರನ್ನೂ ಸೇರಿಸಿಕೊಂಡು, ಇದ್ದ ಬದ್ದ ಗಾಡಿಯಲ್ಲೆಲ್ಲ ತುಂಬಿಕೊಂಡು ಬನ್ನಿ ಎಂದೆವು. ಮೇಲ್ಮಲ್ಪೆಯಲ್ಲಿ ಮೊದಲು ನಕ್ಕರು. "ನಿನ್ನೆ ಇಲ್ಲಿಗೆ ಹೋಗಿ ಅಂದ್ರಿ, ಇವತ್ತು ಅಲ್ಲಿಗೆ ಬನ್ನಿ ಅಂತೀರಿ, ನಾವೆಂತ ಚೆಂಡಾ?" ಎಂದು ಯಾರೋ ಹಿಂದಿನಿಂದ ಕೂಗಿದ್ದು ಕೇಳಿಸಿತು. ತಪ್ಪೇನೂ ಇಲ್ಲ, ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಆಗ ಲಿಲ್ಲಿ ಟೀಚರ್ ಸ್ವರ ಸಣ್ಣ ಮಾಡಿ ಕೇಳಿದಳು, "ವಾರಿಜಕ್ಕ, ಇಷ್ಟು ಜನರನ್ನು ರಸ್ತೆಗೆ ಇಳಿಸ್ಬೇಕು ನಾನು. ಮಕ್ಕಳಿದ್ದಾರೆ, ಮುದುಕರಿದ್ದಾರೆ, ನಿಮ್ಮ ಮಿನ್ನು ಇದ್ದಾಳೆ. ಇದು ನಿಮ್ಮ ಅಂದಾಜಾ, ಗೊತ್ತಿದ್ದು ಹೇಳುದಾ?"

ನೀವು ನನ್ನ ಜಾತಿಯವರು, ಆ ಪ್ರಶ್ನೆ ಎಂಥದು ಎಂದು ನಿಮಗೆ ವಿವರಿಸಬೇಕಾಗಿಲ್ಲ. ಹವಾಮಾನದ ವಿಷಯದಲ್ಲಿ ಎಲ್ಲವೂ ಅಂದಾಜೇ. ನೂರಕ್ಕೆ ಇಷ್ಟು ಪಾಲು ಹೀಗಾಗಬಹುದು, ಉಳಿದ ಪಾಲು ಹಾಗಾಗಬಹುದು, ಅಷ್ಟೇ ನಮ್ಮ ವಿದ್ಯೆ. ಅಂದಾಜು ಎಂದಿದ್ದರೆ ಲಿಲ್ಲಿ ಹೊರಡುತ್ತಿರಲಿಲ್ಲ. ಅಂದಾಜಿನ ಮೇಲೆ ಯಾವ ಟೀಚರೂ ಮಕ್ಕಳನ್ನು ತಗ್ಗುಸೇತುವೆ ದಾಟಿಸಲಾರಳು. ನಾನು ಹೇಳಿದೆ, "ಗೊತ್ತು ಲಿಲ್ಲಿ. ಗೊತ್ತಿದ್ದೇ ಹೇಳುದು." ಹಂಝಾಕ ನನ್ನ ಕಡೆ ತಿರುಗಿ ನೋಡಿ, ತಮ್ಮ ರೇಡಿಯೊದಲ್ಲಿ ಅದನ್ನೇ ಹೇಳಿದರು.

ಇಲ್ಲಿಯವರೆಗೆ ನಿಧಾನವಾಗಿ ಬರೆದಿದ್ದೆ. ಇನ್ನು ಬೇಗ ಬರೆಯಬೇಕು. ಗುಲಾಬಿ ಹೊರಟಳು. ಮೊದಲು ಮಧ್ಯದ ಬುರುಡೆಗಳ ಅಲೆ ಇಳಿಯಿತು, ನನ್ನ ಎದೆ ಹಗುರವಾಯಿತು, ಉತ್ತರಕ್ಕೆ ತಿರುಗಿದಳು ಎಂದುಕೊಂಡೆ. ಅಷ್ಟರಲ್ಲಿ ದಕ್ಷಿಣದ ಸಾಲಿನ ಮುಳ್ಳು ಕುಸಿಯತೊಡಗಿತು. ಒಂದೊಂದಾಗಿ ಬುರುಡೆಗಳು ಬಾಯಿ ಮುಚ್ಚಿದವು. ಮೇಲ್ಮಲ್ಪೆಯ ಎದುರಿಗಿದ್ದ ಕೊನೆಯದ್ದು ನಾನು ಎಂದೂ ನೋಡದ ಅಲೆಯ ಎತ್ತರ ತೋರಿಸಿ ಅದೂ ಸುಮ್ಮನಾಯಿತು. ಗೆದ್ದದ್ದು ಹಂಝಾಕರ ದಾರ. ನನ್ನದು ತಪ್ಪು. ತಾಯಿಯ ದಾರ ನಂಬಿ ಮಗಳು ಹೋದ ಊರು ಅದು.

ಮೇಲ್ಭಟ್ಕಳದ ಗಾಡಿಗಳು ಬಂದವು. ಹಂಝಾಕರ ಮನೆಯವರು ಎಲ್ಲರೂ ಬಂದರು. ಸಫಾ ಓಡಿ ಬಂದು ಅಜ್ಜನ ಕಾಲು ತಬ್ಬಿಕೊಂಡಳು. ಅವರು ಅವಳನ್ನು ಎತ್ತಿಕೊಳ್ಳಲಿಲ್ಲ, 'ಹೋಗು, ಅಜ್ಜಿ ಹತ್ರ ಹೋಗು' ಎಂದು ಕಳಿಸಿ ನನ್ನ ಪಕ್ಕದಲ್ಲೇ ನಿಂತರು. "ಎತ್ಕೊಳ್ಳಿ ಹಂಝಾಕ, ಮಗು ಅದು" ಎಂದರೂ ಕೇಳಲಿಲ್ಲ. ಬೀಫಾತುಮ್ಮ ನನ್ನ ಗಂಜಿಮನೆಗೆ ಹೋಗಿ ಏಡಿಗಳನ್ನು ಗುಡಿಸಿ ಒಲೆ ಹಚ್ಚಿದ್ದಾರೆ. ಬರುವವರಿಗೆ ಬಿಸಿ ಏನಾದರೂ ಬೇಕಲ್ಲ ಎಂದರು. ಬರುವವರಿಗೆ ಎಂದೇ ಹೇಳಿದರು, ಅವರ ಬಾಯಿಗೆ ಸಕ್ಕರೆ ಬೀಳಲಿ.

ಈಗಷ್ಟೇ ದಾರಿಯಿಂದ ರೇಡಿಯೊ ಸಿಕ್ಕಿತ್ತು. ಲಿಲ್ಲಿ ಅಲ್ಲ, ಮಿನ್ನು. ಮೇಲ್ಮಲ್ಪೆಯ ಅರ್ಧ ಜನ ಹೊರಟಿದ್ದಾರೆ, ಅರ್ಧ ಜನ ಒಪ್ಪಲಿಲ್ಲ. ಬಸ್ಸುಗಳು ಹಾಲಾಡಿಗೆ ಇನ್ನೂ ತಲುಪಿಲ್ಲ, ಮಳೆಯಲ್ಲಿ ಏನೂ ಕಾಣುವುದಿಲ್ಲ, ಮುಂದೆ ಒಬ್ಬರು ಕೋಲು ಹಿಡಿದು ನಡೆಯುತ್ತಿದ್ದಾರೆ, ಬಸ್ಸು ಅವರ ಹಿಂದೆ ಬರುತ್ತಿದೆ. ಅವಳಿಗೆ ಸೊಂಟ ನೋಯತೊಡಗಿದೆ. ಹೆರಿಗೆ ನೋವಾ ಎಂದು ಕೇಳಿದೆ. "ನಂಗೆಂತ ಗೊತ್ತಮ್ಮ, ಇದಕ್ಕೆ ಮುಂಚೆ ಹೆತ್ತಿದ್ದೇನಾ ನಾನು?" ಎಂದು ನಗಲು ನೋಡಿದಳು. ಆಮೇಲೆ ಕೇಳಿದಳು, "ಅಮ್ಮ, ಲಿಲ್ಲಿ ಟೀಚರ್ ಹೇಳಿದ್ರು, ಈ ಸಲ ನೀನು ಅಂದಾಜು ಅಂತ ಹೇಳ್ಲೇ ಇಲ್ವಂತೆ. ಗೊತ್ತು ಅಂದ್ಯಂತೆ. ಹೌದಾ?" ನಾನು ಹೌದು ಎಂದೆ. "ಹಾಗಾದ್ರೆ ನಂಗೆ ಹೆದ್ರಿಕೆ ಇಲ್ಲ" ಎಂದಳು. ಆಮೇಲೆ ಬರೀ ಗೊರಗೊರ ಸದ್ದು. ನಾಲ್ಕೈದು ಸಲ ಕರೆದೆ. ಹಂಝಾಕ ಇನ್ನೂ ಕರೆಯುತ್ತಲೇ ಇದ್ದಾರೆ.

ಕರೆಂಟು ಹೋದರೆ ಹಿಂದಂಚೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಇದನ್ನು ಈಗಲೇ ಕಳಿಸಬೇಕು. ಮಿನ್ನು ಬಂದಳು ಎಂದು ಬರೆಯುವವರೆಗೆ ಕಾಯುವಂತಿಲ್ಲ. ನಿಮ್ಮಲ್ಲಿ ಒಂದು ಕೇಳಿಕೊಳ್ಳುವುದಿದೆ, ಹುಚ್ಚರೇ. ನೀವು ಗುಂಪಿನಲ್ಲಿ ಕೂತು ಮಾಡೆಲ್ ನೋಡುವಾಗ ಅರ್ಧ ಜನ ಹೀಗೆ, ಅರ್ಧ ಜನ ಹಾಗೆ ಎಂದರೆ, ದಮ್ಮಯ್ಯ, ನಡುವೆ ಗೆರೆ ಎಳೆಯಬೇಡಿ. ಎರಡು ಊರಿಗೂ ಹೋಗಿ ಹೇಳಿ: ಇಲ್ಲಿಗೂ ಬರಬಹುದು, ಅಲ್ಲಿಗೂ ಬರಬಹುದು, ನಮಗೆ ತಿಳಿಯಲಿಲ್ಲ, ಇಬ್ಬರೂ ಮಾಡು ಬಿಚ್ಚಿ. ಜನ ಬೈಯುತ್ತಾರೆ, ನಗುತ್ತಾರೆ. ಬೈಸಿಕೊಳ್ಳಿ. ಜಗಳಕ್ಕೆ ಹೆದರಿ ನಾವು ಕೆಟ್ಟೆವು. ನೀವು ಜಗಳಾಡಿ, ಆದರೆ ಹೊರಡುವ ಹೊತ್ತಿಗೆ ಸರಿಯಾಗಿ ಹೊರಡಿ. ಮತ್ತೆ, ತೂಫಾನು ಒಮಾನಿಗೆ ತಿರುಗಿದ ದಿನ ಛೇ ಎನ್ನಬೇಡಿ. ಅಲ್ಲಿಯೂ ಯಾರೋ ಒಬ್ಬ ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ.

ಗಾಳಿ ಶುರುವಾಗಿದೆ. ಚಾವಡಿಯ ತಗಡು ಬಡಿದುಕೊಳ್ಳುತ್ತಿದೆ. ರಸ್ತೆಯಲ್ಲಿ ಇನ್ನೂ ಏನೂ ಕಾಣುತ್ತಿಲ್ಲ. ಬಸ್ಸು ಸೇತುವೆ ದಾಟಿತೋ, ಗುಲಾಬಿ ಆ ಕಡೆಯಿಂದ ಇನ್ನೂ ಸ್ವಲ್ಪ ಒಳಗೆ ಬರುತ್ತಾಳೋ, ನನ್ನ ಮಗಳು, ಅವಳ ಹೊಟ್ಟೆಯ ಕೂಸು ಈ ಬಾಗಿಲು ನೋಡುತ್ತಾರೋ, ಎಂದು ನೀವು ಕೇಳುತ್ತೀರಿ. ಲಿಲ್ಲಿಗೆ ಹೇಳಲಿಲ್ಲ, ಮಿನ್ನುಗೆ ಹೇಳಲಿಲ್ಲ, ನೂರೆಪ್ಪತ್ತು ವರ್ಷ ದೂರ ಇರುವ ನಿಮಗಾದರೂ ನಿಜ ಹೇಳುತ್ತೇನೆ. ನನಗೆ ಗೊತ್ತಿಲ್ಲ ಮಾರಾಯ್ರೆ. ನನಗೆ ಏನೂ ಗೊತ್ತಿಲ್ಲ.

ವಾರಿಜ